ಫ್ರಿಜ್ಜಿನ ಬಾಗಿಲಿನ ಕಾಗದ

ಆಳಂದ
ಜೂನ್ 14, 1998

ಶ್ರೀಪಾದ,

ಹೆಸರಿನ ಹಿಂದೆ 'ಪ್ರಿಯ' ಎಂದು ಬರೆದು ಹೊಡೆದುಹಾಕಿದ್ದೇನೆ.

ಆಸ್ಪತ್ರೆಯ ಲಸಿಕೆ ಫ್ರಿಜ್ಜನ್ನು ಕಂಪ್ಯೂಟರಿಗೆ ಜೋಡಿಸುವಾಗ ನಾವಿಬ್ಬರೂ ಜಗಳವಾಡಿದ್ದು ನಿನಗೆ ಮರೆತಿರಲಿಕ್ಕಿಲ್ಲ. ಶಾಖ ಅಳೆಯುವ ಕಾರ್ಡನ್ನು ನಡೆಸುವ ಪ್ರೋಗ್ರಾಮನ್ನು, ಆ ಡ್ರೈವರನ್ನು, ಇಡೀ ಕಂಪ್ಯೂಟರನ್ನು ಆಳುವ ಕರ್ನಲ್ ಒಳಗೆ ತುರುಕಬೇಡ, ಹೊರಗೆ ಸಾಮಾನ್ಯ ಪ್ರೋಗ್ರಾಮಿನಂತೆ ಓಡಲಿ, ಕೆಟ್ಟರೆ ಅದೊಂದೇ ಕೆಡುತ್ತದೆ ಎಂದು ನಾನಂದೆ. ಒಳಗಿನದು ಕೆಟ್ಟರೆ ಇಡೀ ಯಂತ್ರವೇ ನಿಂತುಹೋಗುತ್ತದೆ, ಶಾಖ ಏರಿದಾಗ ಎಚ್ಚರಿಕೆಯ ಗಂಟೆ ಬಾರಿಸಲೂ ಯಾರೂ ಉಳಿಯುವುದಿಲ್ಲ. "ಹೊರಗಿಟ್ರ ನಿಧಾನ ಆಗ್ತದ, ನಿನಗ ತಿಳಿಯಂಗಿಲ್ಲ ಪ್ರಮಿಲಾ" ಎಂದು ನೀನು ಡಾಕ್ಟರ ಎದುರೇ ನಕ್ಕೆ. ನಿಮಿಷಕ್ಕೊಮ್ಮೆ ಶಾಖ ನೋಡುವುದಕ್ಕೆ ಯಾವ ಅವಸರವಿತ್ತು ನಿನಗೆ? ಕರ್ನಲ್‌ಗೆ ಕೈ ಹಾಕಿದವನು ಎನ್ನಿಸಿಕೊಳ್ಳುವ ಚಟ, ಅಷ್ಟೇ. ನಾನೂ ಸುಮ್ಮನಾದೆ. ಆ ನಾಚಿಕೆ ನನಗಿದೆ.

ಆಯಾ ಚಂದಮ್ಮ ಎರಡು ತಾಸಿಗೊಮ್ಮೆ ಥರ್ಮಾಮೀಟರ್ ನೋಡಿ ಫ್ರಿಜ್ಜಿನ ಬಾಗಿಲಿನ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದಳು. ಅದನ್ನು ಕಿತ್ತವನು ನೀನು. "ಇನ್ಮ್ಯಾಲ ನೀ ನೋಡೂದು ಬ್ಯಾಡವ್ವಾ, ಗಂಟಿ ಬಡೀತದ" ಎಂದವನೂ ನೀನೇ.

ಮೇ ತಿಂಗಳಲ್ಲಿ ಯಾರೋ ಕಸ ಗುಡಿಸಲು ಫ್ರಿಜ್ಜು ಸರಿಸಿದರು. ಫ್ರಿಜ್ಜಿನ ಪ್ಲಗ್ಗು ಕಳಚಿತು, ಕಾರ್ಡಿನ ತಂತಿಯೂ ಸಡಿಲಾಯಿತು. ಬಾರದ ಉತ್ತರಕ್ಕೆ ನಿನ್ನ ಡ್ರೈವರು ಕಾಯುತ್ತ ಕುಳಿತಿತು, ಅದರೊಂದಿಗೆ ಕಂಪ್ಯೂಟರೂ. ಗಂಟೆ ಬಡಿಯಲೇ ಇಲ್ಲ. ಲಸಿಕೆಯೆಲ್ಲ ಕೆಟ್ಟು, ನರೋಣಾ, ಸರಸಂಬಾದಿಂದ ಕೂಸು ಹೊತ್ತು ಬಂದ ತಾಯಂದಿರು ಹಾಗೇ ತಿರುಗಿ ಹೋದರು. ಡಾಕ್ಟರು ಫೋನಿನಲ್ಲಿ ಕೇಳಿದಾಗ ನೀನು ಹೇಳಿದ್ದು ಒಂದೇ ಮಾತು: "ಆಕಿ ನೋಡ್ಕೋಬೇಕಾಗಿತ್ತು." ಹನ್ನೊಂದು ವರ್ಷ ದುಡಿದವಳನ್ನು ಅಂದೇ ಮನೆಗೆ ಕಳಿಸಿದರು.

ನಿನ್ನೆ ನಾನು ಡಾಕ್ಟರನ್ನೂ ಚಂದಮ್ಮನನ್ನೂ ಕೂರಿಸಿ ಅದೇ ತಂತಿ ಕಿತ್ತು ತೋರಿಸಿದೆ. ನಿನ್ನ ಡ್ರೈವರಿನಲ್ಲಿ ಕಂಪ್ಯೂಟರಿನ ಪರದೆ ಹಾಗೇ ನಿಂತಿತು. ನಾನು ಹೊರಗಿಟ್ಟು ಬರೆದದ್ದರಲ್ಲಿ ಆ ಪ್ರೋಗ್ರಾಮು ಮಾತ್ರ ಸ್ತಬ್ಧವಾಯಿತು. ಅದರ ಮೇಲೆ ಕಣ್ಣಿಟ್ಟಿದ್ದ ಇನ್ನೊಂದು ಪ್ರೋಗ್ರಾಮು ಗಂಟೆ ಬಾರಿಸಿತು. ಡಾಕ್ಟರು ತಲೆ ತಗ್ಗಿಸಿ ಚಂದಮ್ಮನಿಗೆ, ನಾಳೆಯಿಂದಲೇ ಕೆಲಸಕ್ಕೆ ಬಾ ಎಂದರು. ನಾನು ಗೆದ್ದ ಹಮ್ಮಿನಲ್ಲಿ ಚಂದಮ್ಮನ ಮುಖ ನೋಡಿದೆ.

ಅವಳು ಅಂದಳು: "ನಿಮ್ಮದು ಒಳಗರೆ ಇರ್ಲಿ, ಹೊರಗರೆ ಇರ್ಲಿ ಅಕ್ಕಾರ. ನನ್ನ ಕಾಗದ ನನಗ ಕೊಡ್ರಿ."

ನಾನೇ ಗೆರೆ ಹಾಕಿ ಹೊಸ ಕಾಗದ ಅಂಟಿಸಿದೆ. ನಿನ್ನ ಡ್ರೈವರಿನ ಫ್ಲಾಪಿ ಈ ಪತ್ರದೊಂದಿಗಿದೆ, ಇಟ್ಟುಕೋ. ಆಳಂದಕ್ಕೆ ಬಂದರೆ ಮೊದಲು ಅವಳ ಮನೆಗೆ ಹೋಗು, ನನ್ನ ಮನೆಗೆ ಬರಬೇಡ.

ಇನ್ನು ಮುಂದೆ ನೀನು ಕಟ್ಟಿದ್ದು ಬಿದ್ದರೆ ನಿನ್ನ ತಲೆಯ ಮೇಲೆಯೇ ಬೀಳಲಿ. ಇದೇ ನನ್ನ ಹಾರೈಕೆ.

ಪ್ರಮಿಲಾ