ನೆನೆಸದ ಇದ್ದಿಲು

ಅಡುಗೆಮನೆಯ ಮೆಟ್ಟಿಲಿಂದ,
ಮಾರ್ಚ್ ೯, ಮಧ್ಯಾಹ್ನ

ನನ್ನ ಚಿನ್ನದಂಥ ಮಗಳೇ,

ನಿನ್ನ ಸೊಂಟನೋವು ಹೇಗಿದೆ? ಆ ಸಸಿ ಬೆಳೆಸುವ ತೋಟದಲ್ಲಿ ದಿನವಿಡೀ ಬಗ್ಗಿಕೊಂಡೇ ಇರುತ್ತೀಯಂತೆ. ಸ್ವಲ್ಪ ಕೂತರೆ ಯಾರೂ ಗಲ್ಲಿಗೇರಿಸುವುದಿಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ. ನಿನ್ನಪ್ಪನೂ ಇದ್ದಾರೆ. "ಮಣ್ಣಿನ ಪಾಠ ನನಗೆ ಹೇಳೋಕೆ ಬರಬೇಡ" ಎಂದು ನಿನ್ನ ಮೇಲೆ ಹಾರಾಡಿ, ನಿಮ್ಮಿಬ್ಬರ ಮಾತನ್ನೇ ನಿಲ್ಲಿಸಿದ ಆ ಬಾಯಿ ಈಗ ಊಟಕ್ಕೆ ಮಾತ್ರ ತೆರೆಯುತ್ತದೆ.

ಹೊಲದ ಸುದ್ದಿ ಕೇಳಿದ್ದೆಯಲ್ಲ, ಹೇಳುತ್ತೇನೆ. ವರ್ಷಾನುಗಟ್ಟಲೆ ಮೇಲಿಂದ ಮೇಲೆ ಮೆಕ್ಕೆಜೋಳವನ್ನೇ ಬಿತ್ತಿ ಆ ಮಣ್ಣಿನ ಜೀವ ಹಿಂಡಿದವರು ನಾವೇ. ಇದ್ದಿಲು ಬೆರೆಸಿದರೆ ಮಣ್ಣು ಚೇತರಿಸುತ್ತದೆ ಎಂಬ ನಿನ್ನ ಮಾತಿಗೆ ಸೊಪ್ಪು ಹಾಕದಿದ್ದ ನಿನ್ನಪ್ಪ, ನೀನು ಹೋದ ಮೇಲೆ ತಾವೇ ಗುಂಡಿ ತೋಡಿದರು. ಜೋಳದ ಬೆಂಡು, ಒಣಗಿದ ಕೊಂಬೆ ಎಲ್ಲ ಸುಟ್ಟು, ಬೂದಿಯಾಗುವ ಮೊದಲೇ ನೀರು ಹೊಯ್ದು ರಾಶಿ ರಾಶಿ ಇದ್ದಿಲು ಮಾಡಿದರು. ಅದನ್ನು ಪುಡಿಮಾಡಿ ಸಗಣಿನೀರಲ್ಲಿ ವಾರಗಟ್ಟಲೆ ನೆನೆಸಬೇಕು, ಇಲ್ಲದಿದ್ದರೆ ಮಣ್ಣಲ್ಲಿ ಉಳಿದ ಸತ್ವವನ್ನೂ ಅದೇ ಹೀರಿಕೊಳ್ಳುತ್ತದೆ ಎಂದು ನೀನು ಹೇಳಿದ್ದೆ. ನಾನೂ ನೆನಪಿಸಿದೆ. ಅವರಿಗೆಲ್ಲಿ ತಾಳ್ಮೆ? ತುಂಡು ತುಂಡಾಗಿ ಹಾಗೇ ಸುರಿದು ಉತ್ತರು.

ಪೈರು ಮೊಣಕಾಲುದ್ದ ಬರುವಷ್ಟರಲ್ಲಿ ಹಳದಿ ತಿರುಗಿ ಅಲ್ಲೇ ನಿಂತಿತು. ನಾನು ಒಂದು ಬುಟ್ಟಿಯಷ್ಟು ಇದ್ದಿಲನ್ನು ನೆನೆಸಿ ಬಚ್ಚಲ ಹಿಂದಿನ ಪಾತಿಗೆ ಹಾಕಿದ್ದೆ; ಅಲ್ಲಿ ಬದನೆ ಗಿಡ ಮೈತುಂಬ ಕಾಯಿ ಬಿಟ್ಟಿತು. ಕೈಹಿಡಿದು ಕರೆದೊಯ್ದು ತೋರಿಸುವ ಹೊತ್ತಿಗೆ, ಇನ್ನು ಬೆಳೆ ಬರದೆಂದು ಹೊಲದ ಮೇಲ್ಮಣ್ಣನ್ನು ಇಟ್ಟಿಗೆ ಭಟ್ಟಿಯವನಿಗೆ ಕೊಡುವುದಾಗಿ ಅವರು ಮಾತು ಕೊಟ್ಟಾಗಿತ್ತು. ಮಾತು ತಪ್ಪಿದರೆ ಇವರ ತಲೆ ಹೋಗುತ್ತದೆ ನೋಡು! ಯಂತ್ರ ಬಂದು ಅರ್ಧ ಹೊಲವನ್ನು ಸೊಂಟದಾಳಕ್ಕೆ ಕೆರೆದುಕೊಂಡು ಹೋಯಿತು. ನಾನು ಬಾಗಿಲು ಹಾಕಿಕೊಂಡು ಅತ್ತೆ.

ಉಳಿದರ್ಧ ಉಳಿದದ್ದು ಯಾಕೆ ಗೊತ್ತಾ? ಮಣ್ಣಿನಲ್ಲಿದ್ದ ಇದ್ದಿಲ ತುಂಡುಗಳು ಭಟ್ಟಿಯಲ್ಲಿ ಉರಿದುಹೋಗಿ ಇಟ್ಟಿಗೆ ತುಂಬ ತೂತು, ಎತ್ತಿದರೆ ಮುರಿಯುತ್ತವಂತೆ. ಭಟ್ಟಿಯವನು ಬಂದು ಒಂದನ್ನು ನಮ್ಮ ಅಂಗಳಕ್ಕೆ ಎಸೆದು, ನಿಮ್ಮ ಮಣ್ಣಿನ ಸಹವಾಸವೇ ಬೇಡ ಎಂದು ಬೈದು ಹೋದ. ನನಗೆ ನಗು ಬಂತು, ಅಪ್ಪನ ಮುಖ ನೋಡಿ ನುಂಗಿಕೊಂಡೆ. ಆ ಇಟ್ಟಿಗೆ ಈಗ ಅವರ ಹಾಸಿಗೆ ಪಕ್ಕದ ಕಿಟಕಿಯಲ್ಲಿದೆ.

ಸೊಂಟಕ್ಕೆ ಎಣ್ಣೆ ಹಚ್ಚಿಕೋ. ನೀನು ತಣ್ಣಗಿರು, ನನಗೆ ಅಷ್ಟೇ ಬೇಕಾದ್ದು.

ನಿನ್ನ ಅಮ್ಮ

ತಾ.ಕ.: ಮುಖ್ಯವಾದ್ದೇ ಬಿಟ್ಟುಹೋಯಿತು. ಅಪ್ಪ ಈಗ ಇದ್ದಿಲು ಕುಟ್ಟಿ ಪೀಪಾಯಿಯಲ್ಲಿ ನೆನೆಸುತ್ತಿದ್ದಾರೆ. ಹಾಕುತ್ತಿರುವುದು ಉಳಿದ ಅರ್ಧಕ್ಕಲ್ಲ, ಮಣ್ಣು ಹೋದ ಆ ಗುಂಡಿಗೆ. ದಿನಾ ಇಳಿದು, ಬರೀ ಗಟ್ಟಿ ನೆಲಕ್ಕೆ ಸುರಿದು ಕೈಯಿಂದ ಕಲಸುತ್ತಾರೆ, ಉಗುರುಗಳು ಕಿತ್ತುಹೋಗಿವೆ. ನಿನ್ನೆ ನನ್ನ ಕಡೆ ನೋಡದೆಯೇ ಕೇಳಿದರು, "ಇಲ್ಲಿ ಮತ್ತೆ ಮಣ್ಣು ಆಗುತ್ತಾ? ಅವಳನ್ನ ಕೇಳು." ನಾವು ಬದುಕಿರುವಷ್ಟರಲ್ಲಿ ಆಗುವುದಿಲ್ಲವೆಂದು ನನಗೂ ಗೊತ್ತು. ಉತ್ತರ ನನಗೆ ಬೇಡ, ಅವರ ಹೆಸರಿಗೇ ಬರಿ. ನಿಜವನ್ನೇ ಬರೆದರೂ ಸರಿ, ಮೊದಲ ಸಾಲಲ್ಲಿ 'ಅಪ್ಪಾ' ಅಂತ ಇರಲಿ.