ಅಟ್ಟದ ಮೇಲೆ ಕೂಗಿದ ಹೆಸರು

ಕಣಕಟ್ಟೆ
9-11-2025, ಭಾನುವಾರ

ಪ್ರೀತಿಯ ಅಜ್ಜೀ,

ಮಂಡಿನೋವು ಹೇಗಿದೆ? ಬಿಕ್ಕೋಡಿನ ಚಳಿಗೆ ಜಾಸ್ತಿಯಾಗಿದ್ದರೆ ಅತ್ತೆಗೆ ಹೇಳು, ಎಣ್ಣೆ ಕಾಯಿಸಿ ತಿಕ್ಕುತ್ತಾರೆ. ನೀನು ಕೇಳಿ ಮಾಡಿಸಿಕೊಳ್ಳುವವಳಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇಲ್ಲಿ ನೀನಿಲ್ಲದೆ ಎಮ್ಮೆ ನನ್ನನ್ನು ಹತ್ತಿರಕ್ಕೇ ಸೇರಿಸುತ್ತಿಲ್ಲ, ಅಮ್ಮನಿಗೆ ಅರ್ಧ ಮನಸ್ಸಿನಿಂದ ಹಾಲು ಕೊಡುತ್ತದೆ. ಈ ಕಾಗದ ಓದಿ ಹೇಳುವವಳು ಅತ್ತೆಯ ಮಗಳು ಹೇಮಾಶ್ರೀ. ಅತ್ತೆಯ ಮನೆಯವರೆಲ್ಲರ ಎದುರು ಅವಳು ಜೋರಾಗಿ ಓದಬಾರದೆಂದು ತಾತನ ಹೆಸರನ್ನು ಎಲ್ಲಿಯೂ ಬರೆದಿಲ್ಲ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಫೋನಿನ ಆಟ ಮಾಡುತ್ತೇನೆ ಎಂದಾಗ ಮನೆಯಲ್ಲಿ ನಗದೆ ಇದ್ದವಳು ನೀನೊಬ್ಬಳೇ. ಅರಸೀಕೆರೆಯಲ್ಲಿ ಚನ್ನೇಶಣ್ಣನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ವೀಡಿಯೊ ನೋಡಿ ಕಲಿತೆ. ಅದರಲ್ಲಿ ಹೇಳುವ ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ಎಲ್ಲಿ ಒತ್ತುತ್ತಾರೋ ನೋಡಿ ನಾನೂ ಅಲ್ಲೇ ಒತ್ತುತ್ತಿದ್ದೆ. ಮೊದಲ ಎರಡು ಆಟಗಳನ್ನು ಯಾರೂ ಆಡಲಿಲ್ಲ. ಚನ್ನೇಶಣ್ಣ, "ಏನ್ಲಾ ಇದು, ಗೆದ್ರೂ ಸೋತಂಗೇ ಐತೆ" ಅಂದಿದ್ದ. ಮೂರನೆಯದು ನಮ್ಮ ಅಟ್ಟದ ಆಟ. ಅಟ್ಟದಲ್ಲಿ ಒಣಗುವ ಕಾಯಿಯನ್ನು ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಇಲ್ಲವೋ ಸದ್ದಿನಿಂದಲೇ ಹೇಳಬೇಕು. ಆಡುವವರು ಫೋನನ್ನೇ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಅವಸರಪಟ್ಟು ಒಡೆದರೆ ಸೋತಂತೆ.

ಆ ಸದ್ದು ಹಿಡಿಯಲು ಫೋನನ್ನು ಅಟ್ಟದಲ್ಲಿ ಬಿಟ್ಟು ಇಳಿದಿದ್ದೆ. ನೀನು ಕಾಯಿ ನೋಡಲು ಹತ್ತಿದ್ದು ನನಗೆ ಗೊತ್ತಾಗಲಿಲ್ಲ. ಆಮೇಲೆ ಕೇಳಿದರೆ ಕಾಯಿಯ ಸದ್ದಿನ ನಡುವೆ ನಿನ್ನ ದನಿ. ತಾತ ಹೋದ ಮೇಲೂ ಯಾರೆದುರೂ ಅವರ ಹೆಸರೆತ್ತದ ನೀನು, ಒಬ್ಬಳೇ ಇದ್ದಾಗ ಹೆಸರು ಹಿಡಿದೇ ಕೂಗಿ, "ಇದು ಆಗೈತೇನೋ ನೋಡು, ನಿನ್ ಕಿವಿಗೇನಾಗೈತೆ" ಎಂದು ಗದರುತ್ತಿದ್ದೆ. ನನಗೆ ಬಲು ಚೆಂದ ಕಂಡಿತು. ನಿನ್ನನ್ನು ಕೇಳಬೇಕೆಂದು ಹೊಳೆಯಲಿಲ್ಲ ಎಂದರೆ ಸುಳ್ಳು. ಬೇಡ ಅನ್ನುತ್ತೀಯೆಂದು ಕೇಳಲಿಲ್ಲ. ಸೋತವರಿಗೆಲ್ಲ ಆ ಮಾತೇ ಕೇಳುವಂತೆ ಇಟ್ಟುಬಿಟ್ಟೆ.

ಜನ ಆಡಿದ್ದೇ ಅದಕ್ಕಾಗಿ. ಬೇಲೂರಿನ ಬಸ್ಸಿನಲ್ಲಿ ಕಾಲೇಜು ಹುಡುಗಿಯರು ಬೇಕೆಂದೇ ಸೋತು ಕೇಳುತ್ತಿದ್ದರು, ನಾನು ಹಿಂದಿನ ಸೀಟಿನಲ್ಲಿ ಹಿಗ್ಗುತ್ತಿದ್ದೆ. ಆ ವಾರವೇ ಡೈರಿಯ ಮುಂದೆ ಹನುಮಮ್ಮ ನಿನ್ನನ್ನು ತಡೆದು, "ಏನಮ್ಮೋ ಮುದ್ದಮ್ಮ, ನಮ್ ಮುಂದೆ ನಮ್ಮೋರು ಅಂತ ನಾಚ್ಕೋತೀಯ, ಅಟ್ಟದ್ ಮೇಲೆ ಹೋಗೋ ಬಾರೋ ಅಂತೀಯಂತೆ" ಅಂದಳಂತೆ. ನೀನು ಹಾಲಿನ ಕ್ಯಾನನ್ನು ಅಲ್ಲೇ ಬಿಟ್ಟು ಬಂದೆ. ನನ್ನನ್ನು ಒಂದು ಮಾತೂ ಬೈಯದೆ ಮಾರನೆಯ ದಿನ ಅತ್ತೆಯ ಊರಿನ ಬಸ್ಸು ಹತ್ತಿದೆ. ಬೈದಿದ್ದರೆ ಮುಖ ಎತ್ತಿ ನೋಡುತ್ತಿದ್ದೆನೋ ಏನೋ.

ಈಗ ಆಟದಿಂದ ನಿನ್ನ ದನಿ ತೆಗೆದಿದ್ದೇನೆ. ಅಜ್ಜಿ ಎಲ್ಲಿ ಎಂದು ಆಡುವವರು ಕೇಳುತ್ತಾರೆ. ತಪ್ಪು ನನ್ನದೆಂದು ಹೇಳಲು ಹನುಮಮ್ಮನ ಮನೆಗೂ ಹೋಗಿದ್ದೆ. ಕೊಟ್ಟ ಮಜ್ಜಿಗೆ ಕುಡಿದು ಹಾಗೇ ಬಂದೆ.

ಅತ್ತೆ, ಮಾವನಿಗೆ ನಮಸ್ಕಾರ. ಹೇಮಾಶ್ರೀಯ ಪರೀಕ್ಷೆ ಚೆನ್ನಾಗಿ ಆಗಲಿ. ನಿನ್ನ ಕಾಲು ಹಿಡಿಯುತ್ತೇನೆ.

ನಿನ್ನ ಮೊಮ್ಮಗ,
ಚೇತನ್

ವಿ.ಸೂ.: ಮಡಿಸಿದ ಕಾಗದವನ್ನು ಬಿಚ್ಚಿ ಬರೆಯುತ್ತಿದ್ದೇನೆ. ದನಿ ತೆಗೆದೆ ಎಂದೆನಲ್ಲ, ಅದು ಹೊಸದಾಗಿ ಹಾಕಿಕೊಳ್ಳುವವರಿಗೆ ಮಾತ್ರ. ಆಗಲೇ ಇಳಿಸಿಕೊಂಡವರ ಫೋನಿನಲ್ಲಿ, ಅವರಾಗಿ ಬದಲಿಸುವ ತನಕ, ನೀನು ತಾತನನ್ನು ಕೂಗುತ್ತಲೇ ಇರುತ್ತೀಯೆ. ಅದನ್ನು ನಾನು ಹೋಗಿ ಕಿತ್ತು ತರಲಾರೆ. ಇದನ್ನು ಮುಚ್ಚಿಟ್ಟು ನಿನ್ನನ್ನು ಊರಿಗೆ ಕರೆಯಲು ಮನಸ್ಸಾಗಲಿಲ್ಲ. ತಿಳಿದ ಮೇಲೂ ಬರುವುದಾದರೆ ಹೇಮಾಶ್ರೀ ಕೈಲಿ ಫೋನ್ ಮಾಡಿಸು. ಬಸ್‌ಸ್ಟ್ಯಾಂಡಿಗೆ ಅಮ್ಮ ಬರುತ್ತಾಳೆ, ನಿನ್ನನ್ನು ಮುಖ ಎತ್ತಿ ನೋಡಲಾರದ ನಾನು ಬರುವುದಿಲ್ಲ.