ಸೀಮೆಸುಣ್ಣದ ಗುರುತು

ಮಾರ್ಚ್ 11, ಬೆಳಿಗ್ಗೆ

ಬ್ಯಾಗಿಗೆ ಎಂದಿನಂತೆ ಸೀಮೆಸುಣ್ಣದ ತುಂಡು, ಹಸಿರು ಇಂಕಿನ ಪೆನ್ನು, ಕನ್ನಡಕ. ಮಹಡಿಯ ಮನೆಯಿಂದ ನನ್ನ ತಮ್ಮ ಇಳಿದು ಬರುವಷ್ಟರಲ್ಲಿ ಅವನ ಟೀ ಆರಿತ್ತು. ಬೈದೆ. ಕುಡಿದ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ವಿಶ್ವವಿದ್ಯಾಲಯಕ್ಕೆ.

ಅವನು ಸ್ಟೋರ್ ಕೀಪರ್. ನಾನು ಬಿಲ್ ತನಿಖೆಯವಳು. ಸಾಮಾನು ಬಂದರೆ ಬಂದಿದೆ ಎಂದು ಅವನು ಬರೆದುಕೊಡಬೇಕು. ನಾನು ಹೋಗಿ ಕಣ್ಣಾರೆ ನೋಡಿ ಬಿಲ್ಲಿಗೆ ಹಸಿರು ಸಹಿ ಹಾಕಬೇಕು. ಆಮೇಲೆ ಹಣ. ನೋಡಿದ ಸಾಮಾನನ್ನು ಮುಟ್ಟಿ, ಅದರ ಮೇಲೆ ಸೀಮೆಸುಣ್ಣದಲ್ಲಿ ರೈಟ್ ಮಾರ್ಕ್ ಎಳೆಯುವುದು ಮಾತ್ರ ಯಾವ ನಿಯಮದಲ್ಲೂ ಇಲ್ಲ. ನನ್ನದೇ ಚಟ. ಅದಕ್ಕೇ ಆಫೀಸಿನಲ್ಲಿ ನನಗೆ ಮುಟ್ಟಕ್ಕ ಎಂಬ ಬಿರುದು. ಇರಲಿ. ಇನ್ನೇನು, ಜುಲೈಗೆ ನಿವೃತ್ತಿ... ಬಿರುದೂ ಅಲ್ಲೇ ಉಳಿಯುತ್ತದೆ.

ನಾಳೆಯಿಂದ ರಜೆ. ಕಣ್ಣಿನ ಪೊರೆ ತೆಗೆಸಬೇಕು. ಪಕ್ಕದ ಟೇಬಲಿನ ‘ರೇಡಿಯೋ’ ನನ್ನ ಕೆಲಸ ನೋಡಿಕೊಳ್ಳುತ್ತಾಳೆ. ಎಲ್ಲರ ಮನೆಯ ಸುದ್ದಿಯನ್ನೂ ಬಿತ್ತರಿಸುವ ಹೆಂಗಸು, ಆದರೆ ಕೈ ಚುರುಕು.

ಮಾರ್ಚ್ 22

ಬರೆಯಲು ಡಾಕ್ಟರು ಇವತ್ತು ಬಿಟ್ಟರು. ಅಕ್ಷರ ಎಷ್ಟು ಕಪ್ಪಗಿದೆ! ಗೋಡೆ ಇಷ್ಟು ಕೊಳೆಯಾಗಿತ್ತೆಂದು ಗೊತ್ತೇ ಇರಲಿಲ್ಲ. ತಮ್ಮ ದಿನಾ ಬಂದು ಕಣ್ಣಿಗೆ ಡ್ರಾಪ್ಸ್ ಹಾಕಿ ಹೋಗುತ್ತಾನೆ. ಮಾತು ಕಡಿಮೆ. ವರ್ಷದ ಕೊನೆಯ ಗಲಾಟೆ ಇರಬೇಕು.

ಮಾರ್ಚ್ 24

ಆಫೀಸು. ಟೇಬಲಿನ ಮೇಲೆ ಮೊದಲ ಕಡತವೇ ಪ್ರಾಣಿಶಾಸ್ತ್ರದ ಮೂವತ್ತು ಮೈಕ್ರೋಸ್ಕೋಪಿನ ಬಿಲ್ಲು. ದೊಡ್ಡ ಮೊತ್ತ. ಮೂವತ್ತೊಂದರೊಳಗೆ ಖರ್ಚಾಗದಿದ್ದರೆ ಅನುದಾನ ವಾಪಸ್. ತಮ್ಮನ ಸಹಿ ಇದೆ, ‘ಸುಸ್ಥಿತಿಯಲ್ಲಿ ಬಂದಿವೆ’. ನಾನಿನ್ನೂ ನೋಡಿಲ್ಲವಲ್ಲ ಎಂದೆ. ರೇಡಿಯೋ ಬಾಯಿ ತೆರೆದಳು. ‘ನೋಡಿದ್ದೀರಲ್ಲ ಮೇಡಂ. ನಾನು ಸ್ಟೋರಿಗೆ ಹೋದಾಗ ಪೆಟ್ಟಿಗೆ ಪೆಟ್ಟಿಗೆಗೂ ನಿಮ್ಮ ಗುರುತು ಇತ್ತು!’

ನೋಡಿದ್ದೇನೆಯೆ? ಯಾವಾಗ?

ತಮ್ಮನಿಗೆ ಫೋನ್ ಮಾಡಿದೆ. ರಜೆಗೆ ಹೋಗುವ ಹಿಂದಿನ ಸಂಜೆ ನಾನೇ ಬಂದು ಗುರುತು ಹಾಕಿದೆನಂತೆ. ‘ಕಣ್ಣಿನ ಚಿಂತೆಯಲ್ಲಿದ್ದೆ ಅಕ್ಕ, ಮರೆತಿರ್ತೀಯ,’ ಎಂದ. ಮೆತ್ತಗೆ ಹೇಳಿದ.

ಆ ಸಂಜೆ... ಸ್ಕೂಟರಿನಲ್ಲಿ ಕೂತಿದ್ದು ನೆನಪಿದೆ. ಔಷಧಿ ಅಂಗಡಿ ನೆನಪಿದೆ. ಸ್ಟೋರು ನೆನಪಿಲ್ಲ. ಸಹಿ ಹಾಕಲಿಲ್ಲ. ನಾಳೆ ಎಂದೆ.

ಮಾರ್ಚ್ 25

ನಿದ್ದೆ ಸರಿಯಿಲ್ಲ. ಅಮ್ಮನೂ ಹೀಗೇ ಶುರು ಮಾಡಿದ್ದಳು. ಮೊದಲು ಗ್ಯಾಸ್ ಆರಿಸಲು ಮರೆತಳು, ಆಮೇಲೆ ನಮ್ಮನ್ನು. ಬೆಳಿಗ್ಗೆ ಬೇಕೆಂದೇ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಂಡೆ: ನಿನ್ನೆಯ ಪಲ್ಯ ಯಾವುದು, ತಮ್ಮನ ಮಗಳ ಹುಟ್ಟಿದ ದಿನ ಯಾವುದು. ಎಲ್ಲ ಬಂತು. ಆದರೂ ಮತ್ತೊಮ್ಮೆ ಮೊದಲಿನಿಂದ ಕೇಳಿಕೊಂಡೆ.

ಹಣಕಾಸು ಅಧಿಕಾರಿ ಕೋಣೆಗೆ ಕರೆಸಿದರು. ಕೂರಿಸಿದರು. ಕೂರಿಸಿದರೆಂದರೆ ಏನೋ ಇದೆ ಎಂದೇ ಅರ್ಥ. ಬಿಲ್ಲು ಯಾಕೆ ನಿಂತಿದೆ ಎಂದರು. ಇನ್ನೊಮ್ಮೆ ನೋಡುತ್ತೇನೆ ಎಂದೆ. ನನ್ನ ವಯಸ್ಸು, ನನ್ನ ಕಣ್ಣು, ಸ್ಟೋರಿನ ಮೆಟ್ಟಿಲು, ಎಲ್ಲದರ ಮೇಲೂ ಅವರಿಗೆ ಇದ್ದಕ್ಕಿದ್ದಂತೆ ಕರುಣೆ. ಹೊರಗೆ ಬಂದರೆ ಪ್ರೊಫೆಸರ್ ಮೇಡಂ, ಪ್ರಾಣಿಶಾಸ್ತ್ರದವರು. ಒಂದು ಮೈಕ್ರೋಸ್ಕೋಪಿಗೆ ಆರು ಮಕ್ಕಳು ತಲೆ ತೂರಿಸುತ್ತಾರಂತೆ. ‘ಬಂದಿದ್ದರೆ ಬೇಗ ಕೊಡಿಸಿ ಅಮ್ಮಾ, ಸ್ಟೋರಿನವರು ದಿನಾ ನಾಳೆ ಅಂತಾರೆ.’

ಬಂದಿದ್ದರೆ ಏಕೆ ಕೊಡುತ್ತಿಲ್ಲ?

ಅದೇ ದಿನ, ಮಧ್ಯಾಹ್ನ

ತಮ್ಮ ಊಟಕ್ಕೆ ಹೋದ ಹೊತ್ತು ನೋಡಿ ಹೋದೆ. ಕಳ್ಳಿಯ ಹಾಗೆ. ಸ್ಟೋರಿನ ಬೀಗದ ಕೈ ಕೇಳಿದ್ದಕ್ಕೆ ಗೇಟಿನ ಕಾವಲುಗಾರ ಏನೂ ಕೇಳದೆ ಕೊಟ್ಟ. ‘ನಿಮಗೇನು ಮುಟ್ಟಕ್ಕ, ಅಕ್ಕ ತಮ್ಮ ಬೇರೆಯಾ?’

ಪೆಟ್ಟಿಗೆಗಳು ಗೋಡೆಗೆ ಆತು ನಿಂತಿದ್ದವು. ಪ್ರತಿಯೊಂದರ ಮೇಲೂ ಬಿಳಿ ರೈಟ್ ಮಾರ್ಕ್. ಕನ್ನಡಕ ಬೇಕಾಗಲಿಲ್ಲ, ಹೊಸ ಕಣ್ಣು. ನನ್ನ ಗುರುತಿನ ಉದ್ದ ಗೆರೆ ಬಲಕ್ಕೆ ಏರುತ್ತದೆ. ಇವೆಲ್ಲ ಎಡಕ್ಕೆ ಏರಿದ್ದವು.

ತಮ್ಮ ಎಡಚ. ಸ್ಲೇಟು ಹಿಡಿಸಿ ಅಕ್ಷರ ತಿದ್ದಿಸಿದವಳು ನಾನು. ರೈಟ್ ಮಾರ್ಕ್ ಒಂದನ್ನು ಮಾತ್ರ ಅವನು ಆಗಲೂ ಹೀಗೇ ತಿರುಗಿಸಿ ಎಳೆಯುತ್ತಿದ್ದ. ನಗುತ್ತಿದ್ದೆ.

ಒಂದು ಪೆಟ್ಟಿಗೆ ಬಿಚ್ಚಿದೆ. ಹಳೆಯ ಸರಬರಾಜಿನ ಖಾಲಿ ಪೆಟ್ಟಿಗೆ. ಒಳಗೆ ಪ್ಯಾಕಿಂಗಿನ ಹೊಟ್ಟು, ಒಂದು ಸತ್ತ ಜಿರಳೆ. ಇನ್ನೊಂದು. ಇನ್ನೂ ಒಂದು. ಸಾಕು ಎನಿಸಿತು.

ನನ್ನ ತಲೆ ನೆಟ್ಟಗಿದೆ. ಖುಷಿಪಡಬೇಕಿತ್ತು.

ಮಾರ್ಚ್ 26

ಟೀ ಕೊಟ್ಟು, ಅವನ ಮುಂದೆ ಸೀಮೆಸುಣ್ಣದ ತುಂಡು ಇಟ್ಟೆ. ನೋಡಿದ. ಕಪ್ ಕೆಳಗಿಟ್ಟ.

ಆಮೇಲೆ ಎಲ್ಲ ಹೇಳಿದ. ಕಾಸು ಮುಟ್ಟಿಲ್ಲವಂತೆ, ನಂಬುತ್ತೇನೆ. ಖರೀದಿಯ ಆದೇಶ ಹಣಕಾಸು ಅಧಿಕಾರಿಯ ಮೇಜಿನಲ್ಲೇ ಚಳಿಗಾಲ ಕಳೆಯಿತಂತೆ. ಸಾಮಾನು ಏಪ್ರಿಲ್‌ನಲ್ಲಿ ಬರುತ್ತದೆ, ಈಗ ಬಂದಿದೆ ಎಂದು ಬರೆದುಕೊಡು, ಇಲ್ಲದಿದ್ದರೆ ಮಕ್ಕಳಿಗೆ ಮೈಕ್ರೋಸ್ಕೋಪೂ ಇಲ್ಲ, ನಿನಗೆ ಈ ಕುರ್ಚಿಯೂ ಇಲ್ಲ ಎಂದರಂತೆ. ಬರೆದುಕೊಟ್ಟ.

‘ನಿನ್ನ ಕಣ್ಣು ಹಸಿ ಇದೆ, ಮೆಟ್ಟಿಲು ಹತ್ತಿಸೋದು ಬೇಡ ಅಂತ...’

‘ಮೆಟ್ಟಿಲಿನ ಮಾತು ಬಿಡು. ನನಗೆ ಅರಳುಮರಳು ಅಂತ ನನ್ನನ್ನೇ ನಂಬಿಸಿದೆಯಲ್ಲ.’

‘ಸಾಮಾನು ಬಂದಿಲ್ಲ’ ಎಂದು ಬರೆದುಕೊಡು ಎಂದೆ. ಬರೆದರೆ ಸಸ್ಪೆಂಡ್ ಮಾಡುತ್ತಾರೆ, ಮಗಳ ಫೀಸು ಯಾರು ಕಟ್ಟುತ್ತಾರೆ ಎಂದ. ನೀನು ಒಂದು ಸಹಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ, ಇನ್ನು ಹದಿನೈದು ದಿನಕ್ಕೆ ಪೆಟ್ಟಿಗೆಗಳು ತುಂಬುತ್ತವೆ ಎಂದ. ತುಂಬದಿದ್ದರೆ? ಕಂಪನಿಯವನು ಹಣ ಎಣಿಸಿಕೊಂಡು ಕೈಯೆತ್ತಿದರೆ? ಬಂದಿದೆ ಎಂದವನು ಇವನು. ನೋಡಿದೆ ಎಂದವಳು ನಾನು. ಅಧಿಕಾರಿಯ ಸಹಿ ಎಲ್ಲೂ ಇಲ್ಲ.

ಸ್ಕೂಟರಿನಲ್ಲಿ ಒಬ್ಬನೇ ಹೋದ. ನಾನು ಬಸ್ಸು.

ಮಾರ್ಚ್ 28

ಮಹಡಿಯಿಂದ ಯಾರೂ ಇಳಿಯಲಿಲ್ಲ. ತಮ್ಮನ ಹೆಂಡತಿ ಮಾತ್ರ ಬಂದು, ಪಾತ್ರೆ ವಾಪಸ್ ಕೊಟ್ಟು ಹೋದಳು. ಟೀ ಒಬ್ಬಳಿಗೇ ಮಾಡಲು ಅಳತೆ ತಪ್ಪುತ್ತದೆ.

ಪ್ರೊಫೆಸರ್ ಮೇಡಂಗೆ ಹೇಳಿದೆ, ಸಾಮಾನು ಬಂದಿಲ್ಲ. ಕೆಂಪಾದರು. ತಣ್ಣಗಾದ ಮೇಲೆ ಅವರೇ ದಾರಿ ಹೇಳಿದರು: ಅನುದಾನಕ್ಕೆ ಕಾಲಾವಕಾಶ ಕೇಳಬಹುದು, ಪತ್ರ ತಾವೇ ಬರೆಯುತ್ತಾರೆ. ಆದರೆ ಸಾಮಾನು ಬಂದಿದೆ ಎಂಬ ಸಹಿ ಕಡತದಲ್ಲಿರುವವರೆಗೆ ಕೇಳುವುದೇನು? ಅದನ್ನು ಹಾಕಿದವನೇ ಹಿಂದಕ್ಕೆ ತೆಗೆದುಕೊಳ್ಳಬೇಕು.

ಇನ್ನೊಂದು ಯೋಚನೆ ಕೂತಲ್ಲಿ ಕೂರಲು ಬಿಡುತ್ತಿಲ್ಲ. ಕಾವಲುಗಾರ ಅಂದಿದ್ದು. ಒಬ್ಬ ತರಿಸಿಕೊಳ್ಳುವವನು, ಒಬ್ಬಳು ತನಿಖೆ ಮಾಡುವವಳು, ಇಬ್ಬರೂ ಒಂದೇ ಮನೆ, ಒಂದೇ ಸ್ಕೂಟರು. ಇಷ್ಟು ವರ್ಷ ಯಾರಿಗೂ ಇದು ತಪ್ಪೆನಿಸಲಿಲ್ಲ, ನಮಗೂ. ಒಳ್ಳೆಯ ಜನ ಎಂದರು, ಬಿಟ್ಟರು. ನನ್ನ ಗುರುತನ್ನು ಬೇರೆ ಯಾವನೂ ಹಾಕುವ ಧೈರ್ಯ ಮಾಡುತ್ತಿರಲಿಲ್ಲ. ತಮ್ಮನಾದ್ದರಿಂದಲೇ...

ಮಾರ್ಚ್ 30

ಅಧಿಕಾರಿ ಮತ್ತೆ ಕರೆಸಿದರು. ಈ ಸಲ ಕೂರಿಸಲಿಲ್ಲ. ‘ನಿಮ್ಮ ಸಹಿ ಬೀಳದಿದ್ದರೆ ಮೊದಲು ಹೋಗೋದು ನಿಮ್ಮ ತಮ್ಮನ ಕೆಲಸ. ಯೋಚನೆ ಮಾಡಿ.’ ಮಾಡಿದ್ದೇನೆ, ಬೇರೇನೂ ಮಾಡುತ್ತಿಲ್ಲ ಎಂದೆ.

ನೇರ ರಿಜಿಸ್ಟ್ರಾರ್ ಆಫೀಸಿಗೆ. ಸಹಿಯಿಲ್ಲದ ಬಿಲ್ಲು ಕೊಟ್ಟೆ, ಖಾಲಿ ಪೆಟ್ಟಿಗೆ ಎಂದು ಬರೆದು. ಇನ್ನೊಂದು ಹಾಳೆಯನ್ನೂ ಕೊಟ್ಟೆ: ಸ್ಟೋರ್ ಕೀಪರ್ ನನ್ನ ಒಡಹುಟ್ಟಿದವನು, ಅವನ ಸಾಮಾನಿನ ತನಿಖೆ ನನ್ನ ಕೈಯಲ್ಲಿ ಇರಕೂಡದು, ಬೇರೆಯವರಿಗೆ ಕೊಡಿ. ನಾಳೆ ಬೆಳಿಗ್ಗೆ ಇಬ್ಬರೂ ಬನ್ನಿ ಎಂದರು.

ಮನೆಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಹೇಳಿದೆ. ಮೇಲೆ ಕುರ್ಚಿ ಸರಿದ ಸದ್ದು, ಅಷ್ಟೇ.

ಮಾರ್ಚ್ 31, ರಿಜಿಸ್ಟ್ರಾರ್ ಕೋಣೆಯ ಹೊರಗೆ

ಬೆಂಚು. ಹಸಿರು ಪೆನ್ನನ್ನು ಬೆಳಿಗ್ಗೆಯೇ ರೇಡಿಯೋಗೆ ಒಪ್ಪಿಸಿ ಬಂದೆ. ಅತ್ತುಬಿಟ್ಟಳು. ಮೊದಲ ಬಾರಿಗೆ ಯಾರಿಗೂ ಹೇಳಬೇಡ ಎನ್ನಬೇಕಾಗಲಿಲ್ಲ. ಪ್ರೊಫೆಸರ್ ಮೇಡಂ ಪತ್ರ ಹಿಡಿದು ಒಳಗಿದ್ದಾರೆ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತೇನೆ, ಮತ್ತೆ ಕೂರುತ್ತೇನೆ. ಸುಮ್ಮನಿರಲಾರದೆ ಇದನ್ನು ಬರೆಯುತ್ತಿದ್ದೇನೆ.

ಅವನು ಬರುತ್ತಾನೋ ಇಲ್ಲವೋ. ಬರದಿದ್ದರೆ ನಾನೊಬ್ಬಳೇ ಒಳಗೆ ಹೋಗಿ ಅವನ ವಿರುದ್ಧ ಹೇಳಬೇಕು. ಬಂದರೆ ಅವನೇ ಹೇಳಿಕೊಳ್ಳಬಹುದು. ಎರಡಕ್ಕೂ ವ್ಯತ್ಯಾಸ ಎಷ್ಟೆಂದು ರಾತ್ರಿಯೆಲ್ಲ...

ಬಂದ. ನಡೆದೇ ಬಂದಿದ್ದಾನೆ, ಚಪ್ಪಲಿ ತುಂಬ ಧೂಳು. ಪಕ್ಕದಲ್ಲಿ ಕೂತ. ನನ್ನ ಕಣ್ಣನ್ನೇ ದಿಟ್ಟಿಸಿದ. ‘ಡ್ರಾಪ್ಸ್ ಹಾಕ್ಕೊಂಡ್ಯಾ?’ ಹೂಂ ಎಂದೆ. ಜೇಬಿನಿಂದ ಬಿಳಿ ಹಾಳೆ ತೆಗೆದು ತೊಡೆಯ ಮೇಲೆ ಹರವಿಕೊಂಡ. ಖಾಲಿ ಹಾಳೆ.

‘ಬಂದಿದೆ ಅಂತ ಬರೆದಿದ್ದನ್ನ ವಾಪಸ್ ತಗೋತೀನಿ ಅಕ್ಕ. ಪೆನ್ನು ಕೊಡು.’

ನನ್ನ ಹತ್ತಿರ ಉಳಿದಿರುವುದು ಇದನ್ನು ಬರೆಯುತ್ತಿರುವ ಪೆನ್ನೊಂದೇ. ಎಡಗೈ ಚಾಚಿದ್ದಾನೆ. ಕೊಡುತ್ತಿದ್ದೇ—